ಬಾಡಿಲ್ಲದ ಒಣಬಾಡು

ನಮ್ಮ ಕೇರಿಯಲ್ಲಿ ಒಳ್ಳೆ ಸುದ್ದಿ ಮೂಗಿಂದ ಮೂಗಿಗೆ ಹೋಗುತ್ತಿತ್ತು. ಯಾರ ಮನೆ ಹೆಣ್ಣಿಗೆ ಗಂಡು ಗೊತ್ತಾಯಿತು, ಯಾರ ಮಗ ಎಸ್ಸೆಲ್ಸಿ ಪಾಸಾದ, ಯಾರ ಸೊಸೆ ಹಡೆದಳು ಎಂಬುದನ್ನೆಲ್ಲ ಸಂಜೆ ಹೊತ್ತಿಗೆ ಮಸಾಲೆ ಅರೆದ ವಾಸನೆಯೇ ಸಾರಿಬಿಡುತ್ತಿತ್ತು. ಸೀ ಊಟ ಊರಿನವರ ಹಬ್ಬಕ್ಕೆ. ನಮ್ಮ ಸ್ವಂತ ಸಂತೋಷಕ್ಕೆ ಬಾಡೇ ಆಗಬೇಕು. ಬಾಡು ತರೋಕೆ ಕಾಸಿಲ್ಲದವರು ಅಟ್ಟದ ಮೇಲಿನ ಮಡಕೆಗೆ ಕೈ ಹಾಕುತ್ತಿದ್ದರು. ಆ ಮಡಕೆಯಲ್ಲಿ ಒಣಬಾಡು ಇರುತ್ತಿತ್ತು. ನಾಕು ತುಂಡು ಒಣಬಾಡು, ಒಂದು ಹಿಡಿ ಅವರೆಕಾಳು, ಎರಡು ಬದನೆಕಾಯಿ. ಅಷ್ಟರಲ್ಲಿ ಹತ್ತು ಜನ ಮುದ್ದೆ ಮುರಿಯೋರು.

ಒಣಬಾಡು ಕಂಡಿಲ್ಲದ ಗೆಳೆಯರಿಗೆ ಅದನ್ನು ಹೇಳಬೇಕು. ನಮ್ಮವ್ವ ಬಾಡನ್ನು ಹೆಬ್ಬೆರಳಗಲಕ್ಕೆ ಉದ್ದುದ್ದ ಸೀಳುತ್ತಿದ್ದಳು. ಉಪ್ಪು ಅರಿಶಿನ ತಿಕ್ಕಿ, ಮೇಲೆ ರುಬ್ಬುಗುಂಡು ಹೇರಿ ಒಂದು ರಾತ್ರಿ ಬಿಡುತ್ತಿದ್ದಳು. ಬೆಳಿಗ್ಗೆ ಸೋರಿದ ನೀರನ್ನು ಚೆಲ್ಲಿ, ಸೀಳುಗಳನ್ನು ಹಗ್ಗಕ್ಕೆ ಹೂವಿನ ಹಾರದಂಗೆ ನೇತುಹಾಕುತ್ತಿದ್ದಳು. ಕಾಗೆ ಓಡಿಸೋ ಕೆಲಸ ನಂದು, ನನ್ನ ತಮ್ಮಂದು. ಮೋಡ ಮುಚ್ಚಿದರೆ ಹಗ್ಗ ಒಲೆಯ ಮೇಲಕ್ಕೆ ಬರುತ್ತಿತ್ತು. ಆಗ ಬಿಸಿಲಿನ ಕೆಲಸವನ್ನು ಹೊಗೆ ಮಾಡುತ್ತಿತ್ತು. ಉಪ್ಪು, ಹೊಗೆ, ಹೊತ್ತು, ಇವಿಷ್ಟೇ ಅದರ ವಿದ್ಯೆ. ಯಾವ ಸ್ಕೂಲಿನಲ್ಲೂ ಕಲಿಸದ ವಿದ್ಯೆ.

ಆ ಬಾಡು ಎಲ್ಲಿಂದ ಬರುತ್ತಿತ್ತು ಅನ್ನೋದನ್ನೂ ಮುಚ್ಚಿಡಬಾರದು. ನಮ್ಮಪ್ಪ ಕುಳವಾಡಿ. ಊರವರ ಕೊಟ್ಟಿಗೆಯಲ್ಲಿ ಸತ್ತ ದನವನ್ನು ಎಳೆದುಕೊಂಡು ಹೋಗುವುದು ಆ ಕುಳವಾಡಿಕೆಗೆ ಸೇರಿದ್ದು. ದನ ಬದುಕಿರೋಗಂಟ ಹಾಲು ಅವರದು, ಸತ್ತ ಮೇಲೆ ಹೊರೆ ನಮ್ಮದು. 1961ರ ಕಾಯಿದೆ ಬಂದು ಹಳ್ಳಿಯ ಇಂಥ ವಂಶಪಾರಂಪರ್ಯದ ಹುದ್ದೆಗಳೆಲ್ಲ ರದ್ದಾದವು ಅಂತ ಸರ್ಕಾರದ ಕಾಗದ ಹೇಳಿತು. ಕಾಗದ ಓದಲು ಬಾರದ ದನಗಳು ಅದಾದ ಮೇಲೂ ಸಾಯುತ್ತಿದ್ದವು, ಕಾಗದ ಓದಬಲ್ಲ ಗೌಡರು ಅದಾದ ಮೇಲೂ ಅಪ್ಪನಿಗೇ ಹೇಳಿ ಕಳಿಸುತ್ತಿದ್ದರು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು, ಸತ್ತ ದನದ ಮಾಂಸ ತಿನ್ನೋದನ್ನು ಬಿಡಿ ಅಂತ ಕರೆ ಕೊಟ್ಟಿದ್ದರಲ್ಲ, ಆ ಮಾತು ನಮ್ಮ ಕೇರಿಗೆ ಬಂದು ಮುಟ್ಟೋಕೆ ಹತ್ತಿರ ಹತ್ತಿರ 50 ವರ್ಷ ಹಿಡಿಯಿತು. ಬಸ್ಸಿಲ್ಲದ ಊರು ನೋಡಿ. ಮುಟ್ಟಿದ ಮೇಲೆ ಅಪ್ಪ ಒಂದು ದಿನವೂ ತಡ ಮಾಡಲಿಲ್ಲ. ಗೌಡರ ಕೊಟ್ಟಿಗೆಗೆ ಹೋಗಲಿಲ್ಲ. ಆಮೇಲೆ ನಮ್ಮ ಅಟ್ಟದ ಮಡಕೆಯಲ್ಲಿ ಇದ್ದಿದ್ದು ಕಾಸು ಕೊಟ್ಟು ತಂದ ಬಾಡು. ಗುಡ್ಡೆ ಬಾಡಿನಲ್ಲಿ ನಮ್ಮ ಪಾಲಿಗೆ ಬಂದಿದ್ದರಲ್ಲಿ ಅವ್ವ ಮಳೆಗಾಲಕ್ಕೆಂದು ಉಳಿಸಿ ಒಣಗಿಸಿದ್ದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಒಂದು ಸುದ್ದಿ ಬಂತು. ನನ್ನ ತಮ್ಮನ ಮಗಳಿಗೆ ಸರ್ವೆ ಇಲಾಖೆಯಲ್ಲಿ ಭೂಮಾಪಕಿ ಕೆಲಸ ಆಯಿತು.

ಇದು ಎಂಥ ಸುದ್ದಿ ಅಂತ ಭೂಮಿ ಇರುವವರಿಗೆ ಅರ್ಥವಾಗುವುದು ಕಷ್ಟ. ಊರಿಗೆ ಸರ್ವೆಯವರು ಬಂದರೆ ಚೈನು ಎಳೆಯುತ್ತಿದ್ದವನು ನಮ್ಮಪ್ಪ. 33 ಅಡಿ ಉದ್ದದ ಕಬ್ಬಿಣದ ಸರಪಳಿ. ಉದ್ದಗಲಕ್ಕೆ ಒಂದೊಂದು ಚೈನು ಇದ್ದರೆ ಅದು ಒಂದು ಗುಂಟೆ, ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಅಪ್ಪ ಓದು ಬರಹ ತಿಳಿಯದವನು. ಆದರೆ ಇಡೀ ಊರಿನ ಹೊಲ ಗದ್ದೆಗಳು ಎಷ್ಟು ಚೈನು ಅಂತ ಅವನ ಅಂಗಾಲಿಗೆ ಗೊತ್ತಿತ್ತು. ತನ್ನದು ಅಂತ ಒಂದು ಚೈನು ನೆಲವೂ ಅವನಿಗೆ ಇರಲಿಲ್ಲ. ಬಿಸಿಲಲ್ಲಿ ಬೇಲಿ ಮುಳ್ಳು ತುಳಿದುಕೊಂಡು ಚೈನು ಎಳೆದವನಿಗೆ ಸರ್ವೆಯವರು ಕುಡಿಯುವ ನೀರನ್ನು ಮೇಲಿಂದ ಬೊಗಸೆಗೆ ಹುಯ್ಯುತ್ತಿದ್ದರು. ಈಗ ಚೈನಿನ ಕಾಲ ಹೋಯಿತು. ಉಪಗ್ರಹದ ಜೊತೆ ಮಾತಾಡೋ ರೋವರ್ ಅನ್ನೋ ಕೋಲು ಬಂದಿದೆ, ಡ್ರೋನ್ ಬಂದಿದೆ. ಅದನ್ನು ಹಿಡಿದುಕೊಂಡು ನಿಂತು, "ಸ್ವಲ್ಪ ಈ ಕಡೆ ಸರೀರಿ" ಅಂತ ಊರವರಿಗೆ ಹೇಳುವವಳು ನಮ್ಮ ಕೂಸು. ಆಯ್ಕೆ ಪಟ್ಟಿಯಲ್ಲಿ ಅವಳ ನಂಬರನ್ನು ನಾವೆಲ್ಲ ಫೋನಿನಲ್ಲಿ ಮೂರು ಸಲ ನೋಡಿದೆವು. ಅವ್ವನಿಗೆ ಅಕ್ಷರ ಬರಲ್ಲ. ಆದರೂ ಫೋನು ಇಸಕೊಂಡು ಅವಳೂ ನೋಡಿದಳು.

ಇಂಥ ಸುದ್ದಿಗೆ ಏನು ಮಾಡಬೇಕು? ಬಾಡೂಟ ಮಾಡಬೇಕು. ಎರಡು ಅಡ್ಡಿ ಬಂದವು.

ಒಂದು, ಕೆಲಸ ಸಿಕ್ಕಿದ ಕೂಸೇ ಬಾಡು ತಿನ್ನಲ್ಲ. ಎಂಟನೇ ಕ್ಲಾಸಿನಲ್ಲಿ ಬಿಟ್ಟಳು. ನನ್ನ ತಮ್ಮ ಹಿತ್ತಿಲಲ್ಲಿ ಒಂದು ಹಂದಿ ಸಾಕಿದ್ದ. ಅದಕ್ಕೆ ಕಲಗಚ್ಚು ಹುಯ್ಯುತ್ತಿದ್ದವಳು ಇವಳು. ಸ್ಕೂಲಿಂದ ಬಂದರೆ ಅದು ಇವಳ ಸದ್ದು ಗುರುತು ಹಿಡಿದು ಗುಟುರು ಹಾಕುತ್ತಿತ್ತು. ಹಬ್ಬಕ್ಕೆ ಕುಯ್ದ ದಿನ ಆ ಹಂದಿಯ ಕೂಗು ಕೇಳಿದಳು. ಅಳಲಿಲ್ಲ. ಉಣ್ಣೋಕೆ ಕೂತಾಗ ತಟ್ಟೆ ತಳ್ಳಿ, "ನಂಗೆ ಬ್ಯಾಡ" ಅಂದಳು. ಅವತ್ತಿಂದ ಇವತ್ತಿನವರೆಗೂ ಬೇಡವೇ.

ಕೇರಿಯವರು ಬಿಡುತ್ತಾರೆಯೇ? "ಇವ್ಳು ಬ್ರಾಂಬ್ರಾಗ್ಬುಟ್ಲು ಕನವ್ವ" ಅಂತ ನಕ್ಕರು. ನಮ್ಮ ಓದಿದ ಹುಡುಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೇಲ್ಜಾತಿಯ ಸಂಸ್ಕೃತಿಗೆ ಶರಣಾಗಿದ್ದಾಳೆ ಅಂತ ದೊಡ್ಡ ಮಾತುಗಳನ್ನು ಅವಳ ತಲೆ ಮೇಲೆ ಹೇರಿದರು. ಈ ಹುಡುಗರ ಬಗ್ಗೆ ನನಗೆ ಪ್ರೀತಿಯಿದೆ, ಆದರೆ ಈ ವಿಷಯದಲ್ಲಿ ಅವರ ಮಾತು ನನಗೆ ಒಪ್ಪಿಗೆ ಇಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಅಜ್ಜಿಗೆ ಕಾಲುಸೂಪು ಬೇಕಾದರೆ ಅಂಗಡಿಗೆ ಹೋಗಿ ಕಾಲು ತರುವವಳು ಇವಳೇ. ಬಾಡು ಬೇಯಿಸಿದ ಪಾತ್ರೆ ತಿಕ್ಕುವವಳು ಇವಳೇ. ತಿನ್ನುವವರ ಪಕ್ಕದಲ್ಲೇ ಕೂತು ಉಪ್ಪೆಸರು ಉಣ್ಣುತ್ತಾಳೆ. ನಾಲಿಗೆಗೆ ಬೇಡ ಅನ್ನೋದು ಒಂದು, ಬೆರಳಿಗೆ ಮೈಲಿಗೆ ಅನ್ನೋದು ಇನ್ನೊಂದು. ನಮ್ಮ ದೇಶದಲ್ಲಿ ಈ ಎರಡನ್ನೂ ಒಂದೇ ಮಾತಿನಲ್ಲಿ ಸಸ್ಯಾಹಾರ ಅಂತ ಕರೆದು ಎರಡಕ್ಕೂ ಒಂದೇ ಹಸಿರು ಚುಕ್ಕೆ ಇಟ್ಟಿದ್ದಾರೆ.

ಎರಡನೇ ಅಡ್ಡಿ, ಮನೆ. ರಿಟೈರಾದ ಮೇಲೆ ಅವ್ವನ ಮಂಡಿ ಆಪರೇಷನ್ನಿಗೆ ಅಂತ ಮೈಸೂರಿಗೆ ಬಂದವಳು ನಾನು. ಆಸ್ಪತ್ರೆಗೆ ಹತ್ತಿರವಾಗಿ ಒಂದು ಮನೆ ಬೇಕಿತ್ತು. 11 ಮನೆ ನೋಡಿದೆ. ಮೊದಲನೇ ಪ್ರಶ್ನೆ ಎಲ್ಲ ಕಡೆಯೂ ಒಂದೇ: "ನೀವು ವೆಜ್ ತಾನೇ?" ನಿಮ್ಮ ಜಾತಿ ಯಾವುದು ಅಂತ ಈಗ ಯಾರೂ ಕೇಳಲ್ಲ. ಅಷ್ಟು ನಾಗರಿಕರಾಗಿದ್ದಾರೆ. ಈ ಒಂದು ಪ್ರಶ್ನೆಯ ಜರಡಿಯಲ್ಲಿ ಜಾಲಿಸಿದರೆ ಜಾತಿ ತಾನೇ ಕೆಳಕ್ಕೆ ಉದುರುತ್ತದೆ. ನಾನು ಇದ್ದಿದ್ದನ್ನು ಇದ್ದಂಗೆ ಹೇಳಿದೆ, "ನಾವು ತಿನ್ನೋರು." ಹತ್ತು ಮನೆ ಹೋದವು. ಹನ್ನೊಂದನೆಯವರು, ಅವ್ವ ಕೋಲೂರಿಕೊಂಡು ನಿಂತಿದ್ದನ್ನು ನೋಡಿಯೋ ಏನೋ, "ಮನೇಲಿ ಬೇಯಿಸದಿದ್ರೆ ಸಾಕು" ಅಂದರು. ಮಾಳಿಗೆ ಮೇಲಿನ ಎರಡು ರೂಮು ಕೊಟ್ಟರು. ಮಾತು ಕೊಟ್ಟೆವು. ಮಾತಿಗೆ ತಪ್ಪಲಿಲ್ಲ. ಬಾಡು ಬೇಕನಿಸಿದರೆ ಊರಿಗೆ ಹೋಗಿ ತಮ್ಮನ ಮನೆಯಲ್ಲಿ ಉಂಡು ಬರುತ್ತಿದ್ದೆವು. ಸುದ್ದಿ ಬಂದ ವಾರ ಅವ್ವನ ಎರಡನೇ ಮಂಡಿಗೆ ಹೊಲಿಗೆ ಬಿಚ್ಚಿರಲಿಲ್ಲ. ಊರಿಗೆ ಹೋಗೋ ಹಂಗಿಲ್ಲ.

"ಬಿಡಿ" ಅಂತ ಬಾಬಾಸಾಹೇಬರೂ ಹೇಳಿದರು, "ಬೇಯಿಸಬೇಡಿ" ಅಂತ ಮನೆಯವರೂ ಹೇಳಿದರು. ಬಾಬಾಸಾಹೇಬರ ಮಾತು ಕೇಳಿದ ದಿನ ನಮ್ಮಪ್ಪನ ಬೆನ್ನು ನೆಟ್ಟಗಾಗಿತ್ತು. ಮನೆಯವರ ಮಾತು ಕೇಳಿದ ದಿನ ಅದೇ ಅಪ್ಪನ ಹೆಂಡತಿ ಒಣಮೀನಿನ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ಊರಿಗೆ ವಾಪಸು ಕಳಿಸಿದಳು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಹೊತ್ತಿನಲ್ಲೂ ಇದೇ ಆಗಿತ್ತು. ಮದ್ಯ, ತಂಬಾಕು, ಮಾಂಸಾಹಾರ ನಿಷಿದ್ಧ ಅಂತ ಮೂರನ್ನೂ ಒಂದೇ ಸಾಲಿನಲ್ಲಿ ಪೋಣಿಸಿದರು. ಬಾಡೂಟಕ್ಕೆ ಹೆಸರಾದ ಸೀಮೆಯಲ್ಲಿ ಊಟವನ್ನು ಚಟದ ಪಕ್ಕ ಕೂರಿಸಿದರು. ಜನ ಬೀದಿಗೆ ಬಂದು ಕೇಳಿದ ಮೇಲೆ ಕೊನೇ ದಿನ ಊಟಕ್ಕೆ ಮೊಟ್ಟೆ ಬಂತು.

ಹಾಗಾದರೆ ಈ ಮನೆಯಲ್ಲಿ, ಈ ಕೂಸಿಗೆ, ಬಾಡೂಟದಂಥ ಊಟ ಮಾಡೋದು ಹೆಂಗೆ? ಆಗ ನನಗೆ ಲೆಸ್ಟರ್‌ನ ಮುದುಕಿ ನೆನಪಾದಳು.

ನನ್ನ ಮಗ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಸ್ಟಾಫ್ ನರ್ಸು. 2023ರಲ್ಲಿ ಸೊಸೆಯ ಬಾಣಂತನಕ್ಕೆ ಅಂತ ಹೋಗಿ ಮೂರು ತಿಂಗಳು ಇದ್ದೆ. ಪಕ್ಕದ ಮನೆಯಲ್ಲಿ 81 ವರ್ಷದ ಒಂಟಿ ಹೆಂಗಸು. ಕಾಲುಚೀಲ, ಬನಿಯನ್ನು ಹೆಣೆಯುವ ಕಾರ್ಖಾನೆಯಲ್ಲಿ ದುಡಿದು ಬೆರಳು ಸೊಟ್ಟಗಾದವಳು. ಮೊಮ್ಮಗು ಹುಟ್ಟಿದ ಮಾರನೇ ದಿನ ಬೆಳಿಗ್ಗೆ ಆಕೆ ಒಂದು ತಟ್ಟೆ ತಂದಳು. ಕೆಂಪಗೆ, ನಡುನಡುವೆ ಬಿಳಿ ಗೆರೆ ಇರುವ, ಅಂಚು ಮುರುಟಿದ ಸೀಳುಗಳು. ಮನೆ ತುಂಬ ಹೊಗೆಯ, ಉಪ್ಪಿನ ವಾಸನೆ. ನನಗೆ ಗಕ್ಕನೆ ನಮ್ಮ ಅಟ್ಟ ಕಂಡಂಗಾಯಿತು. "ಬೇಕನ್" ಅಂದಳು. ಆಮೇಲೆ ನಕ್ಕು, ಹಂದಿಯದಲ್ಲ, ಗೋಧಿಯದು ಅಂದಳು. ಮಗ ಕನ್ನಡ ಮಾಡಿ ಹೇಳಿದ.

ಬೇಕನ್ ಅಂದರೆ ಅಲ್ಲಿನ ಬಡವರ ಒಣಬಾಡು. ಹಂದಿಯ ಹೊಟ್ಟೆಯ ಅಥವಾ ಬೆನ್ನಿನ ಮಾಂಸಕ್ಕೆ ಉಪ್ಪು ತಿಕ್ಕಿ, ಇಟ್ಟು, ಹೊಗೆ ಹಾಕಿದ್ದು. ವಿಲಿಯಂ ಕಾಬೆಟ್ ಅನ್ನೋ ರೈತರ ಮಗ 1821-22ರಲ್ಲಿ 'ಕಾಟೇಜ್ ಎಕಾನಮಿ' ಅಂತ ಒಂದು ಪುಸ್ತಕ ಬರೆದ. ಕೂಲಿಯವನು ಗುಡಿಸಲ ಹಿತ್ತಿಲಲ್ಲಿ ಒಂದು ಹಂದಿ ಸಾಕಿ, ಕೊಂದು, ಉಪ್ಪು ಹಾಕಿ, ಹೊಗೆಯಲ್ಲಿ ತೂಗಿಬಿಟ್ಟು ವರ್ಷವಿಡೀ ತಿನ್ನೋದು ಹೇಗೆ ಅಂತ ಅದರಲ್ಲಿ ಕಲಿಸಿದ್ದಾನೆ. ಓದಿದರೆ ನಮ್ಮವ್ವನೇ ಬಾಯಲ್ಲಿ ಹೇಳಿ ಬರೆಸಿದಂಗಿದೆ. ಈ ಮುದುಕಿ ಹುಟ್ಟಿದ ಕಾಲಕ್ಕೆ ಯುದ್ಧ. 1940ರ ಜನವರಿಯಲ್ಲಿ ಅಲ್ಲಿ ರೇಷನ್ ಶುರುವಾದಾಗ ಬೆಣ್ಣೆ, ಸಕ್ಕರೆಯ ಜೊತೆ ಮೊದಲಿಗೇ ಸೇರಿದ್ದು ಬೇಕನ್. ತಲೆಗೆ ವಾರಕ್ಕೆ ಸಾಮಾನ್ಯವಾಗಿ 4 ಔನ್ಸ್, ಅಂದರೆ ಸುಮಾರು 113 ಗ್ರಾಂ. 1954ರ ಜುಲೈವರೆಗೂ ಈ ಕಟ್ಟು ಇತ್ತು. ಹಂಗಾಗಿ ಆಕೆಗೆ ಬೇಕನ್ ಬಾಣಲೆಗೆ ಬಿತ್ತು ಅಂದರೆ ಮನೆಯಲ್ಲಿ ಏನೋ ಒಳ್ಳೆಯದಾಗಿದೆ ಅಂತ ಅರ್ಥ. ಮಧ್ಯವಯಸ್ಸಿನಲ್ಲಿ ಮಾಂಸ ಬಿಟ್ಟಳು. ವಾಸನೆಯ ನೆನಪನ್ನು ಬಿಡಲಿಲ್ಲ.

ಅದೇ ಲೆಸ್ಟರ್‌ನಲ್ಲಿ ಡೊನಾಲ್ಡ್ ವಾಟ್ಸನ್ ಅಂತ ಮರಗೆಲಸ ಕಲಿಸುವ ಮೇಷ್ಟರೊಬ್ಬರು ಇದ್ದರು. ಹುಡುಗನಾಗಿದ್ದಾಗ ಚಿಕ್ಕಪ್ಪನ ಹೊಲದಲ್ಲಿ ಹಂದಿ ಕೊಯ್ಯುವಾಗಿನ ಕೂಗು ಕೇಳಿ, 1924ರಲ್ಲಿ, 14ನೇ ವಯಸ್ಸಿಗೆ ಮಾಂಸ ಬಿಟ್ಟವರು. 1944ರಲ್ಲಿ ಕೆಲವರನ್ನು ಕೂಡಿಸಿ, ಹಾಲು ಮೊಟ್ಟೆಯನ್ನೂ ಬಿಟ್ಟವರದೊಂದು ಸಂಘ ಕಟ್ಟಿದರು. ವೆಜಿಟೇರಿಯನ್ ಅನ್ನೋ ಪದದ ತಲೆ ಬಾಲ ಜೋಡಿಸಿ ವೀಗನ್ ಅಂತ ಹೆಸರಿಟ್ಟರು. ಹಂದಿಯ ಅದೇ ಕೂಗು. ಆ ಹುಡುಗನನ್ನು ಸಂಘ ಕಟ್ಟಿದವನು ಅಂತ ಜಗತ್ತು ನೆನೆಯುತ್ತದೆ. ನಮ್ಮ ಕೂಸಿಗೆ ಬ್ರಾಂಬ್ರಾದ್ಲು ಅಂತ ಹೆಸರು. ಹುಟ್ಟಿದ ಕೇರಿಯ ಮೇಲೆ ಕರುಣೆಯ ಅರ್ಥವೂ ಬದಲಾಗುತ್ತದೆ ಅಂದರೆ ಇದು ಎಂಥ ದೇಶ!

ಬಿಳಿಯರೆಲ್ಲ ದೇವರು ಅಂತ ನಾನು ಹೇಳುತ್ತಿಲ್ಲ. 2017ರಲ್ಲಿ ಅಲ್ಲೂ ಒಬ್ಬ ದೊಡ್ಡ ಮನೆ ಮಾಲೀಕ, ಕರಿ ವಾಸನೆ ಮನೆಗೆ ಅಂಟಿಕೊಳ್ಳುತ್ತದೆ, ನಮ್ಮಂಥ ಮೈಬಣ್ಣದವರಿಗೆ ಬಾಡಿಗೆ ಕೊಡಬೇಡಿ ಅಂತ ಏಜೆಂಟರಿಗೆ ಹೇಳಿದ್ದ. ಕೋರ್ಟು ಅದನ್ನು ಕಾನೂನುಬಾಹಿರ ಅಂದಿತು. ನಮ್ಮ ಸಾರಿನ ವಾಸನೆಗೆ ಕೆಂಟ್ ಸೀಮೆಯಲ್ಲಿ ನ್ಯಾಯ ಸಿಕ್ಕಿತು, ಮೈಸೂರಿನಲ್ಲಿ 11 ಮನೆ ನೋಡಬೇಕಾಯಿತು. ಆ ಮುದುಕಿಯೂ ನನ್ನನ್ನು ಕೇಳಿದ್ದಳು, ನೀನು ಮಾಂಸ ತಿನ್ನುತ್ತೀಯಾ ಅಂತ. ಕೈಯಲ್ಲಿ ತಟ್ಟೆ ಹಿಡಿದು, ಏನು ಬಡಿಸಬೇಕು ಅಂತ ತಿಳಿಯೋಕೆ ಕೇಳಿದಳು.

ಮಾಡುವ ವಿಧಾನ ಆಕೆಯಿಂದಲೇ ಕಲಿತಿದ್ದೆ. ಸುದ್ದಿ ಬಂದ ಭಾನುವಾರ ನಾನು, ಕೂಸು ಕೂತೆವು. ಒಂದು ಕೆಜಿ ಮೈದಾ ಗಟ್ಟಿಯಾಗಿ ಕಲೆಸಿ, ಉಂಡೆ ಮಾಡಿ, ನೀರಿನಲ್ಲಿ ಮುಳುಗಿಸಿ ಒಂದು ಗಂಟೆ ಬಿಟ್ಟೆವು. ಆಮೇಲೆ ಆ ನೀರಿನೊಳಗೇ ಬಟ್ಟೆ ಹಿಸುಕಿದಂಗೆ ಹಿಸುಕಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ನೀರನ್ನು ಬೇರೆ ಪಾತ್ರೆಗೆ ಬಸಿದು, ಹೊಸ ನೀರು ಹಾಕಿ ಮತ್ತೆ ಹಿಸುಕಬೇಕು. ಆರು ಸಲ ಮಾಡೋ ಹೊತ್ತಿಗೆ ಗಂಜಿಯೆಲ್ಲ ಹೋಗಿ, ಗೋಧಿಯ ಅಂಟು ಮಾತ್ರ ಕೈಯಲ್ಲಿ ಉಳಿಯಿತು. ಎಳೆದರೆ ರಬ್ಬರಿನಂಗೆ ಬರುತ್ತದೆ. ಒಂದು ಕೆಜಿಗೆ ಕಾಲು ಕೆಜಿಗಿಂತ ಚೂರು ಹೆಚ್ಚು ಸಿಕ್ಕಿತು. ಚೀನಾದ ಬೌದ್ಧ ವಿಹಾರಗಳಲ್ಲಿ ಮಾಂಸ ಬಿಟ್ಟ ಭಿಕ್ಷುಗಳು ಎಷ್ಟೋ ನೂರು ವರ್ಷದಿಂದ ಇದನ್ನೇ ಬೇಯಿಸಿಕೊಂಡು ಬಂದಿದ್ದಾರೆ. ಅವರ ಭಾಷೆಯಲ್ಲಿ ಇದಕ್ಕೆ ಮಿಯೆನ್ ಜಿನ್ ಅಂತಾರೆ, ಹಿಟ್ಟಿನ ನರ ಅಂತ ಅರ್ಥ. ಹಿಟ್ಟಿಗೂ ನರ ಇರುತ್ತದೆ ಅಂತ ಕಂಡುಕೊಂಡವನು ಜಾಣ.

ಅವ್ವ ಮಂಚದ ಮೇಲೆ ಕಾಲು ಚಾಚಿ ಕೂತು ಎಲ್ಲ ನೋಡುತ್ತಿದ್ದಳು. "ಇದ್ಯಾಕವ್ವ ಹಿಟ್ಟ ಒಗೀತಾ ಇದ್ದೀರಿ, ಸಾಬೂನ್ ಕೊಡ್ಲಾ?" ಅಂದಳು.

ಅಂಟನ್ನು ಎರಡು ಪಾಲು ಮಾಡಿದೆವು. ದೊಡ್ಡ ಪಾಲಿಗೆ ಬ್ಯಾಡಗಿ ಮೆಣಸಿನಕಾಯಿ ಅರೆದದ್ದು, ಬೀಟ್‌ರೂಟ್ ರಸ, ಕಾಳುಮೆಣಸು, ಒಂದು ತುಂಡು ಬೆಲ್ಲ, ಬೆಳ್ಳುಳ್ಳಿ, ಕಲ್ಲುಪ್ಪು. ಲೆಸ್ಟರ್‌ನವಳು ಸೋಯಾ ಸಾಸು ಹಾಕುತ್ತಿದ್ದಳು. ನಮ್ಮ ಬೀದಿಯ ಗೋಬಿ ಮಂಚೂರಿ ಗಾಡಿಯವನಿಂದ ಎರಡು ಚಮಚ ಇಸಕೊಂಡು ಬಂದೆವು. ಚಿಕ್ಕ ಪಾಲಿಗೆ ಬರೀ ಉಪ್ಪು, ಕೊಬ್ಬರಿ ಎಣ್ಣೆ. ಅದು ಕೊಬ್ಬಿನ ಬದಲಿಗೆ. ಕೆಂಪು ಒಂದು ಪದರ, ಬಿಳಿ ಒಂದು ಪದರ, ಮತ್ತೆ ಕೆಂಪು ಜೋಡಿಸಿ, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದೆವು. ಇಳಿಸಿದ ಮೇಲೆ, "ಹಂಗೇ ಕುಯ್ಬ್ಯಾಡಿ, ಭಾರ ಹೇರಿ, ನೀರ್ ಇಳೀಲಿ" ಅಂತ ಅವ್ವ ಮಂಚದಿಂದಲೇ ಯಜಮಾನಿಕೆ ಶುರು ಮಾಡಿದಳು. ರುಬ್ಬುಗುಂಡು ಇಲ್ಲದ ಮನೆ. ನೀರು ತುಂಬಿದ ಕುಕ್ಕರು ಹೇರಿದೆವು.

ಹೊಗೆ ಹಾಕುವಾಗ ಅವಳಿಗೆ ತಡೆಯಲಾಗಲಿಲ್ಲ. ಅಲ್ಲಿ ಹೊಗೆಯ ರುಚಿಯನ್ನೇ ಶೀಶೆಯಲ್ಲಿ ಮಾರುತ್ತಾರೆ. ಇಲ್ಲಿ ಅವ್ವನೇ ಕೋಲೂರಿಕೊಂಡು ಎದ್ದು ಬಂದು ಕುರ್ಚಿ ಮೇಲೆ ಕೂತು, ತೆಂಗಿನ ಕರಟ ಸುಟ್ಟು ಕೆಂಡ ಮಾಡಿಸಿದಳು. ತೆಳ್ಳಗೆ ಸೀಳಿದ ತುಂಡುಗಳನ್ನು ಪಾತ್ರೆಯಲ್ಲಿ ಹರಡಿ, ನಡುವೆ ಒಂದು ಬಟ್ಟಲಲ್ಲಿ ಕೆಂಡ ಇಟ್ಟು, ಮೇಲೆ ನಾಕು ತೊಟ್ಟು ಎಣ್ಣೆ ಬಿಟ್ಟು ಮುಚ್ಚಳ ಮುಚ್ಚಿದಳು. ಎರಡು ಸಲ. ಆಮೇಲೆ ಕಾವಲಿ ಮೇಲೆ ಎಣ್ಣೆ ಬಿಟ್ಟು ಒಂದೊಂದೇ ಸೀಳು ಹಾಕಿದೆವು. ಚುರ್ ಅಂತು. ಬೆಲ್ಲ ಕಂದಿ, ಮೆಣಸು ಸಿಡಿದು, ಕರಟದ ಹೊಗೆ ಸೇರಿ ವಾಸನೆ ಎದ್ದಿತು ನೋಡಿ, ಅವ್ವ ಕಣ್ಣು ಮುಚ್ಚಿಕೊಂಡುಬಿಟ್ಟಳು. "ಬಾಡಿಲ್ದ ಒಣಬಾಡು ಕನ್ ಮಗಾ ಇದು" ಅಂದಳು.

ಆ ವಾಸನೆ ಮೆಟ್ಟಿಲು ಇಳಿದು ಕೆಳಗಿನ ಮನೆಗೂ ಹೋಯಿತು. ಹತ್ತು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಮನೆ ಯಜಮಾನರ ಹೆಂಡತಿ. ಒಳ್ಳೆಯ ಹೆಂಗಸು, ಅವ್ವನ ಆಪರೇಷನ್ನಿನ ದಿನ ಆಟೋ ಕರೆಸಿಕೊಟ್ಟವರು. ಜಗಳ ಆಡಲು ಬಂದವರಂತೆ ಕಾಣಲಿಲ್ಲ.

"ಟೀಚರ್, ಏನೂ ತಿಳ್ಕೋಬೇಡಿ. ಕೆಳಗಡೆಗೆ ಒಂಥರಾ ವಾಸನೆ ಬರ್ತಾ ಇದೆ. ಅದೇನಾದ್ರೂ..."

ಅದೇನಾದ್ರೂ ಅನ್ನುವಲ್ಲಿಗೆ ನಿಲ್ಲಿಸಿದರು. ಕಣ್ಣು ಮಾತ್ರ ನನ್ನ ಭುಜದ ಮೇಲಿಂದ ಹಾದು ಒಲೆಯವರೆಗೂ ಹೋಗಿಬಂತು. ಕೂಸು ತಟ್ಟೆ ಕೈಗೆತ್ತಿಕೊಂಡು ನಗುನಗುತ್ತ ಬಾಗಿಲಿಗೆ ಬಂದಳು. "ಇಲ್ಲ ಆಂಟಿ, ಇದು ಮೈದಾ" ಅಂತ ಅವಳ ಬಾಯಿಂದ ಇನ್ನೂ ಪೂರ್ತಿ ಬಂದಿರಲಿಲ್ಲ.

"ಮುಚ್ಚು ಕೂಸೇ ತಟ್ಟೆಯ" ಅಂದಳು ಅವ್ವ.

ಆ ದನಿ ನಾನು ಕೇಳಿ ಬಹಳ ವರ್ಷ ಆಗಿತ್ತು. ಕೂಸು ಅಲ್ಲೇ ನಿಂತಳು. ಅವ್ವ ಕುರ್ಚಿಯಲ್ಲಿ ಕೂತಂಗೇ ಕೈಮುಗಿದು, "ಬನ್ನಿ ತಾಯಿ, ನಮ್ ಕೂಸ್ಗೆ ಸರ್ಕಾರಿ ಕೆಲ್ಸ ಸಿಕ್ತು. ಒಳಕ್ ಬಂದು ಬಾಯ್ ಸೀ ಮಾಡ್ಕಂಡು ಹೋಗಿ. ನಿಮ್ಗೆ ಮಾತ್ ಕೊಟ್ಟಿದ್ದೋ, ಮಾತ್ ಉಳ್ಸ್ಕಂಡಿದ್ದೋ. ತಟ್ಟೆಲಿ ಏನದ ಅಂತ ಮಾತ್ರ ಕೇಳ್ಬ್ಯಾಡಿ. ನಿಮ್ ತಟ್ಟೆಯ ನಾವು ಯಾವತ್ತೂ ಕೇಳಿಲ್ಲ" ಅಂದಳು.

ಆಕೆಯ ಮುಖ ಕೆಂಪಾಯಿತು. ಕೋಪವೋ ನಾಚಿಕೆಯೋ ಹೇಳಲಾರೆ. "ಅಯ್ಯೋ ಹಂಗೇನಿಲ್ಲಜ್ಜಿ, ಕಂಗ್ರಾಜುಲೇಷನ್ಸ್ ಕಣಮ್ಮ" ಅಂದು, ನಾನು ಕೊಟ್ಟ ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಇಳಿದುಹೋದರು.

ಆಮೇಲೆ ನಮ್ಮ ಮನೆಯಲ್ಲೇ ಜಗಳ. "ಅಜ್ಜಿ, ತೋರ್ಸಿದ್ರೆ ಒಂದ್ ನಿಮಿಷದಲ್ಲಿ ಮುಗೀತಿತ್ತು" ಅಂದಳು ಕೂಸು. "ಇವತ್ತು ಮುಗೀತಿತ್ತು ಕನ. ನಾಳಕ್ಕೂ ತೋರ್ಸ್ಬೇಕಾಯ್ತಿತ್ತು" ಅಂದಳು ಅವ್ವ. "ನಾಳೆ ಮನೆ ಖಾಲಿ ಮಾಡಿ ಅಂದ್ರೆ ಈ ಮಂಡಿ ಇಟ್ಕೊಂಡು ಎಲ್ಲಿಗ್ ಹೋಗ್ತೀಯ?" ಅಂತ ಕೂಸು ಕೇಳಿದ್ದಕ್ಕೆ ಅವ್ವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಆದರೂ ನಾನು ಅವ್ವನ ಕಡೆ. ಯಾಕೆ ಅಂತ ಕೂಸಿಗೆ ಹೇಳಲು ನನಗೆ ರಾತ್ರಿವರೆಗೂ ಹೊತ್ತು ಹಿಡಿಯಿತು. ಅವಳು ಬಾಡು ಬಿಟ್ಟಿದ್ದು ಒಂದು ಹಂದಿಯ ಕೂಗಿಗೆ. ಅದು ಅವಳಿಗೂ ಆ ಹಂದಿಗೂ ಸಂಬಂಧಪಟ್ಟದ್ದು. ಅವತ್ತು ತಟ್ಟೆ ತೋರಿಸಿದ್ದರೆ ಅದೇ ಬಿಡುವಿಕೆ, ಬಾಗಿಲಲ್ಲಿ ನಿಂತವರಿಗೆ ತೋರಿಸುವ ಪಾಸು ಆಗುತ್ತಿತ್ತು. ನಾವು ಶುದ್ಧ, ನಮ್ಮನ್ನು ಇರಲು ಬಿಡಿ ಅನ್ನುವ ಪಾಸು. ಆ ಪಾಸು ಇಲ್ಲದ ನಮ್ಮವರು, ಕಾವಲಿಯ ಮೇಲೆ ನಿಜವಾದ ಬಾಡು ಇರುವ ನಮ್ಮವರು, ಯಾವ ತಟ್ಟೆ ತೋರಿಸಬೇಕು? ನಾನು ಪಾಠ ಮಾಡುತ್ತಿದ್ದ ಸ್ಕೂಲಿನಲ್ಲಿ 2022ರಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ, ಬೇಡ ಅನ್ನುವವರಿಗೆ ಬಾಳೆಹಣ್ಣು ಅಂತ ಎರಡು ಸಾಲು ಮಾಡಿಸಿದರು. ಮನೆಯಲ್ಲಿ ದಿನಾ ಮೊಟ್ಟೆ ತಿನ್ನುವ ಒಂದು ಹೆಣ್ಣುಮಗು ಬಾಳೆಹಣ್ಣಿನ ಸಾಲಿನಲ್ಲಿ ನಿಂತಿತ್ತು. ಯಾಕಮ್ಮ ಅಂದರೆ, "ಆ ಸಾಲ್ನಲ್ಲಿ ನಿಂತ್ರೆ ಗೊತ್ತಾಗ್ಬಿಡ್ತದೆ ಮಿಸ್" ಅಂತು. ಕೈಹಿಡಿದು ಮೊಟ್ಟೆಯ ಸಾಲಿಗೆ ಕರೆತಂದೆ, ನಾನೂ ಅದರ ಹಿಂದೆ ನಿಂತೆ.

ಕೂಸು ಕೇಳಿಸಿಕೊಂಡಳು. ಒಪ್ಪಿದಳು ಅಂತ ಹೇಳಲಾರೆ. "ಅತ್ತೆ, ನಾನು ಗಡಿ ಅಳಿಯೋಕೆ ಹೋಗ್ತಿರೋದು. ಜಗಳ ಬಂದ್ರೆ ದಾಖಲೆ ತೋರ್ಸಿ ಅಂತ ಕೇಳೋದೇ ನನ್ ಕೆಲ್ಸ" ಅಂದು ನಕ್ಕಳು.

ರುಚಿಯ ಬಗ್ಗೆ ಹೇಳದೆ ಮುಗಿಸಬಾರದು. ಅಂಚು ಗರಿಗರಿ, ನಡುವೆ ಜಗಿಯಬೇಕು. ಉಪ್ಪು ಮುಂದು, ಬೆಲ್ಲ ಹಿಂದು, ಕೊನೆಗೆ ಗಂಟಲಲ್ಲಿ ಹೊಗೆ. ಮಾಂಸದ ನಾರು ಹಲ್ಲಿಗೆ ಸಿಗುವಂತೆ ಇದು ಸಿಗಲ್ಲ, ಸುಳ್ಳು ಹೇಳಬಾರದು. ಇಂಗ್ಲೆಂಡಿನವರು ಬ್ರೆಡ್ಡಿನ ನಡುವೆ ಇಟ್ಟುಕೊಳ್ಳುತ್ತಾರೆ, ನಾವು ಅವರೆಕಾಳಿನ ಸಾರಿಗೆ ಮುರಿದು ಹಾಕಿ ಮುದ್ದೆಯ ಜೊತೆ ಉಂಡೆವು. ಅವ್ವ ಎರಡನೇ ಸಲ ಇಕ್ಕಿಸಿಕೊಂಡಳು. ಹನ್ನೆರಡು ವರ್ಷದ ಮೇಲೆ ಅಜ್ಜಿ ಮೊಮ್ಮಗಳು ಒಂದೇ ಸಾರು ಉಂಡರು. ಊರಿಂದ ತಮ್ಮ ಫೋನು ಮಾಡಿ, "ಅಕ್ಕ, ಮಾಡಿದ್ರಾ ಊಟವ?" ಅಂದ. "ಮಾಡಿದ್ವಿ ಕಣೋ, ವಾಸನೆ ಬರ್ಲಿಲ್ವಾ?" ಅಂದೆ.

ಹಿಟ್ಟು ತೊಳೆದ ಬಿಳಿ ನೀರನ್ನು ಅವ್ವ ಚೆಲ್ಲಲು ಬಿಟ್ಟಿರಲಿಲ್ಲ. ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಗಂಜಿಯೆಲ್ಲ ಕೆಳಗೆ ಕೂತಿತ್ತು. ಮೇಲಿನ ತಿಳಿ ಬಸಿದು, ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿ ಕೈಬಿಡದೆ ತಿರುಗಿಸಿ ಹಾಲುಬಾಯಿ ಮಾಡಿಸಿದಳು. ಒಂದು ಸ್ಟೀಲು ಡಬ್ಬಿಗೆ ತುಂಬಿ, ಕೂಸಿನ ಕೈಲೇ ಕೆಳಗಿನ ಮನೆಗೆ ಕಳಿಸಿದಳು. ಮನೆಯಾಕೆ ಬಾಗಿಲಲ್ಲೇ ಇಸಕೊಂಡರಂತೆ, ಏನಿದು ಅಂತ ಕೇಳಲಿಲ್ಲವಂತೆ. ಕೂಸು ಡ್ಯೂಟಿಗೆ ಹೋಗಿ ಮೂರು ವಾರ ಆಯಿತು. ಡಬ್ಬಿ ಇನ್ನೂ ಮೇಲಕ್ಕೆ ಬಂದಿಲ್ಲ.